ರುದ್ರಮ್ಮನಿಗೆ ಹೇಳಿ ಹೋದವಳು

ಒಬ್ಬರೇ ಎರಡು ಕಡೆ ಕಾಣಿಸಿಕೊಂಡರು ಎಂಬಂಥ ಮಾತು ಬಂದರೆ ನಾನು ಎದ್ದು ಹೋಗುತ್ತಿದ್ದವಳು. ಆಸ್ಪತ್ರೆಯಲ್ಲಿ ದುಡಿಯುವವರಿಗೆ ಇಂಥವನ್ನು ನಂಬಲು ಪುರುಸೊತ್ತೂ ಇರುವುದಿಲ್ಲ. ಈಗಲೂ ನಂಬುತ್ತೇನೆ ಎನ್ನಲಾರೆ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ, ನೀವೇ ನೋಡಿ.

ಕೆಲವು ವರ್ಷಗಳ ಹಿಂದೆ ನಾನು ಹರಪನಹಳ್ಳಿಯ ಒಂದು ಆಸ್ಪತ್ರೆಯಲ್ಲಿದ್ದೆ. ಆಪರೇಷನ್ನಿಗೆ ಮೊದಲು ರೋಗಿಯ ಪಕ್ಕ ಕೂತು, ಏನು ಮಾಡುತ್ತಾರೆ, ಆಮೇಲೆ ಹೇಗಿರಬೇಕು ಎಂದೆಲ್ಲ ಅವರಿಗೆ ತಿಳಿಯುವ ಮಾತಿನಲ್ಲಿ ಹೇಳಿ, ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸುವುದು ನನ್ನ ಕೆಲಸ. ಎರಡು ದಿನ ರಜೆ ಹಾಕಿ ಕೂಡ್ಲಿಗಿಗೆ, ಅಕ್ಕನ ಮನೆಗೆ ಹೋಗಿದ್ದೆ. ಮರಳಿ ಬಂದ ಬೆಳಿಗ್ಗೆ ಮೊದಲು ಸಿಕ್ಕವಳು ಚಿಗಟೇರಿಯ ರುದ್ರಮ್ಮ. ಐವತ್ತರ ಹೆಂಗಸು, ಗರ್ಭಕೋಶ ತೆಗೆಸಲು ಹಿಂದಿನ ದಿನವಷ್ಟೇ ದಾಖಲಾಗಿದ್ದಳು. ನಾನವಳನ್ನು ನೋಡಿದ್ದು ಅದೇ ಮೊದಲು.

ಸ್ಟೂಲು ಎಳೆದುಕೊಂಡು ಕೂರುವಷ್ಟರಲ್ಲಿ ಅವಳು ಮುಖವನ್ನು ಗೋಡೆಗೆ ತಿರುಗಿಸಿದಳು.

"ಮತ್ಯಾಕ ಬಂದಿ? ನಿನ್ನಿ ಬೈದು ಹೋಗಿದ್ದು ಸಾಲ್ದಾ?"

"ನಿನ್ನಿ ನಾನು ಊರಾಗ ಇರ್ಲಿಲ್ಲವ್ವ. ಬ್ಯಾರೆ ಯಾರೋ ಇರಬೇಕು."

"ಸುಳ್ಳು ಹೇಳಬ್ಯಾಡ. ಇದಾ ಮಾರಿ, ಇದಾ ದನಿ. ಮಂಚಕ್ಕ ಒದ್ದು ಹೇಳಿದಿ, ಎದಿ ಪರೀಕ್ಷಿ ಮಾಡಿಸ್ದ ಸಹಿ ಹಾಕಿದ್ರ ಮೇಜಿನ ಮ್ಯಾಲೇ ಸಾಯ್ತಿ ಅಂತ. ಹೆಬ್ಬಟ್ಟಿಗೆ ಕಟ್ಟಿದ್ದ ಹಸಿರು ಬಟ್ಟಿ ಎಲ್ಲಿ? ಬಿಚ್ಚಿ ಒಗದ್ಯಾ?"

ನಾನು ಹೆಬ್ಬೆರಳು ನೋಡಿಕೊಂಡೆ. ಹಿಂದಿನ ದಿನ ಅಕ್ಕನ ಅಡುಗೆಮನೆಯಲ್ಲಿ ಸೋರೆಕಾಯಿ ಹೆಚ್ಚುವಾಗ ಹೆಬ್ಬೆರಳು ಕೊಯ್ದುಕೊಂಡಿದ್ದೆ. ಅಕ್ಕ ತನ್ನ ಹಳೆಯ ಹಸಿರು ಸೀರೆಯ ಚೂರು ಹರಿದು ಕಟ್ಟಿದ್ದಳು. ಅದನ್ನು ಅಲ್ಲೇ ಬಿಚ್ಚಿಟ್ಟು ಬಸ್ಸು ಹತ್ತಿದ್ದೆ.

ಅಷ್ಟರಲ್ಲಿ ಅವಳ ಮಗ ಬಂದ. ನನ್ನ ಕೈಲಿದ್ದ ಕಾಗದ ಕಿತ್ತು ನೆಲಕ್ಕೆ ಬೀಸಿ ಒಗೆದ. "ನಮ್ಮವ್ವಗ ಸಾಯ್ತಿ ಅನ್ನಾಕ ನೀ ಯಾರು? ನಿನ್ನಿಯಿಂದ ಆಕಿ ತುತ್ತು ಅನ್ನ ತಿಂದಿಲ್ಲ!" ವಾರ್ಡಿನವರೆಲ್ಲ ನನ್ನನ್ನೇ ದುರುಗುಟ್ಟಿ ನೋಡಿದರು. ನರ್ಸನ್ನು ಕೇಳಿದರೆ, ತಾನು ಯಾರನ್ನೂ ನೋಡಿಲ್ಲ ಎಂದಳು. ಪಕ್ಕದ ಮಂಚದವಳು ನಿದ್ದೆಯಲ್ಲಿದ್ದಳಂತೆ. ಡಾಕ್ಟರು ಹಾಜರಿ ಪುಸ್ತಕ ನೋಡಿಯೂ ನನ್ನ ಮಾತು ನಂಬಲಿಲ್ಲ.

"ರಜೆ ಹಾಕಿ ಬಂದು ರೋಗಿಗಳನ್ನು ಹೆದರಿಸ್ತೀರಾ? ನಾಳೆಯಿಂದ ಬರಬೇಡಿ."

ಅಕ್ಕನಿಗೆ ಫೋನ್ ಮಾಡಿ ಕೊಡುತ್ತೇನೆಂದೆ. ಅವರು ಎದ್ದು ಹೋದರು.

ರುದ್ರಮ್ಮ ಮಾತ್ರ ಸಹಿ ಹಾಕಲಿಲ್ಲ. ಮಗ ಎಷ್ಟು ಗದರಿದರೂ ಜಗ್ಗಲಿಲ್ಲ. ಕೊನೆಗೆ ಅವನು ಬೈಯುತ್ತಲೇ ದಾವಣಗೆರೆಗೆ ಕರೆದೊಯ್ದು ಹೃದಯದ ಸ್ಕ್ಯಾನಿಂಗ್ ಮಾಡಿಸಿದ. ಒಂದು ಕವಾಟ ಕುಗ್ಗಿತ್ತು. ಇದು ಗೊತ್ತಿಲ್ಲದೆ ಅರಿವಳಿಕೆ ಕೊಟ್ಟಿದ್ದರೆ ಜೀವಕ್ಕೇ ಅಪಾಯವಿತ್ತು ಎಂದು ಅಲ್ಲಿನ ಡಾಕ್ಟರು ಹೇಳಿದರಂತೆ. ಮೊದಲು ಹೃದಯಕ್ಕೆ ಚಿಕಿತ್ಸೆಯಾಗಿ, ತಿಂಗಳುಗಳ ಮೇಲೆ ಗರ್ಭಕೋಶದ ಆಪರೇಷನ್ನೂ ಆಯಿತು.

ಸ್ಕ್ಯಾನಿಂಗಿನ ವಿಷಯ ತಿಳಿದ ಮೇಲೆ ಆಸ್ಪತ್ರೆಯವರು ನನ್ನನ್ನು ಮತ್ತೆ ಕರೆಸಿಕೊಂಡರು. ಆದರೆ ಜೊತೆಯವರು ನನ್ನ ಪಕ್ಕ ಊಟಕ್ಕೆ ಕೂರುವುದನ್ನು ಬಿಟ್ಟರು. ನಾನು ಬಾಗಿಲಲ್ಲಿ ಕಂಡರೆ ಮಾತು ನಿಲ್ಲಿಸುತ್ತಿದ್ದರು. ಆರು ತಿಂಗಳು ತಡೆದುಕೊಂಡು ಆ ಕೆಲಸ ಬಿಟ್ಟೆ.

ಎರಡು ವರ್ಷದ ಮೇಲೆ ಕೊಟ್ಟೂರಿನ ಬಸ್ ಸ್ಟ್ಯಾಂಡಿನಲ್ಲಿ ರುದ್ರಮ್ಮ ಕಂಡಳು. ಮೈ ತುಂಬಿಕೊಂಡಿದ್ದಳು. ಹತ್ತಿರ ಹೋಗಿ, "ಯವ್ವಾ, ಅವತ್ತು ಬಂದಾಕಿ ಖರೇನ ನಾನಲ್ಲ," ಎಂದೆ. ಇದೊಂದು ಮಾತು ಹೇಳಿ ಹಗುರಾಗಬೇಕಿತ್ತು.

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಕಣ್ಣಲ್ಲಿ ಅದೇ ಸಿಟ್ಟು.

"ಗೊತ್ತೈತಿ. ನೀನಾಗಿದ್ರ ಮೆತ್ತಗ ಮಾತಾಡಿ ಸಹಿ ಹಾಕಿಸ್ಕೊಂಡು ಹೋಗ್ತಿದ್ದಿ."

ಚೀಲ ಎತ್ತಿಕೊಂಡು ಬಸ್ಸು ಹತ್ತಿದಳು. ಅವಳು ಹೇಳಿದ್ದು ನಿಜ, ಹಾಗೆಯೇ ಮಾಡುತ್ತಿದ್ದೆ. ಆ ದಿನ ಬಂದು ಹೋದವಳು ಯಾರೆಂಬುದು ಮಾತ್ರ ಇವತ್ತಿಗೂ ನನಗೆ ತಿಳಿದಿಲ್ಲ.