ಒರತೆಗೊಂದು ಮನೆ

ಮೊನ್ನೆ ಬಳ್ಳಾರಿಯ ಬ್ರೂಸ್‌ಪೇಟೆಯ ನಮ್ಮ ಮನೆಯ ಹಿತ್ತಲ ಗೋಡೆ ಕಟ್ಟಿಸಲು ಒಂದು ಗಾಡಿ ಮರಳು ತರಿಸಿದ್ದೆವು. ಗಾರೆ ಕಲಸುವವನು ಅದರ ಮೇಲೆ ಎರಡು ಕೊಡ ನೀರು ಸುರಿದ. ಒಳಗೆ ಬೇಳೆ ಆರಿಸುತ್ತ ಕೂತಿದ್ದ ನಾನು ಮೊರ ಕೆಳಗಿಟ್ಟು ಎದ್ದು ಬಂದೆ. ಮೊದಲ ಮಳೆಗೆ ನೆನೆದ ಮಣ್ಣಿನ ವಾಸನೆಯನ್ನು ಎಲ್ಲರೂ ಹೊಗಳುತ್ತಾರೆ. ನೆನೆದ ಮರಳಿನ ವಾಸನೆ ಬೇರೆ. ಅದು ಮೂಗಿಗಿಂತ ಮೊದಲು ಗಂಟಲಿಗೆ ತಾಗುತ್ತದೆ, ನೀರು ಕುಡಿಯುವ ಮುಂಚೆಯೇ ತಣ್ಣಗಾದಂತೆ ಆಗುತ್ತದೆ. ಮೊಣಕಾಲು ನೋವಿನ ಮುದುಕಿ ಮರಳ ಗುಡ್ಡೆಯ ಮುಂದೆ ಕಣ್ಣು ಮುಚ್ಚಿ ನಿಂತದ್ದನ್ನು ಕಂಡು ಸೊಸೆ ಗಾಬರಿಯಾದಳು. ಏನೂ ಇಲ್ಲ, ನಮ್ಮೂರು ನೆನಪಾಯಿತು ಅಂದೆ. ನಿಮಗೂ ಹೀಗೊಂದು ವಾಸನೆ ಇದ್ದೀತು. ಇಲ್ಲದಿದ್ದರೆ ಸ್ವಲ್ಪ ಹೊತ್ತು ನನ್ನದನ್ನು ಕೊಡುತ್ತೇನೆ.

ನಮ್ಮೂರು ಹಗರಿ ಹೊಳೆಯ ಮೂಡಲ ದಂಡೆಯ ಒಂದು ಸಣ್ಣ ಹಳ್ಳಿ. ಹಚ್ಚೊಳ್ಳಿಯ ಕಡೆಯಿಂದ ಗಾಡಿ ದಾರಿ; ಸಿರುಗುಪ್ಪಕ್ಕೆ ಹೊರಟರೆ ಬುತ್ತಿ ಕಟ್ಟಿಕೊಂಡೇ ಹೊರಡಬೇಕು. ರೂಪಾಯಿಯ ಮೇಲೆ ರಾಣಿಯ ಮುಖವಿದ್ದ ಕಾಲ ಅದು. ಊರ ಹಿಂದೆ ಕಣ್ಣು ಹಾಯುವ ತನಕ ಎರೆಭೂಮಿ, ಜೋಳ ಮತ್ತು ಹತ್ತಿ. ಮುಂದೆ ಹೊಳೆ, ಹೊಳೆಯಾಚೆ ದೂರದಲ್ಲಿ ಕುರುಗೋಡಿನ ಬೆಟ್ಟ. ಸೂರ್ಯ ದಿನವೂ ಅದರ ಹಿಂದೆಯೇ ಇಳಿಯುತ್ತಿದ್ದ. ಹೊಳೆ ಅಂದೆ, ಆದರೆ ನಮ್ಮ ಹಗರಿಯಲ್ಲಿ ನೀರು ಹರಿಯುತ್ತಿದ್ದದ್ದು ಮಳೆಗಾಲದ ಕೆಲವೇ ವಾರ. ಆಗ ಕೆಂಪಗೆ ಬಂದ ನೀರನ್ನು ಚಿಲ್ಲದ ಬೀಜ ತೇದು ತಿಳಿಯಾಗಿಸಿ ಕುಡಿಯುತ್ತಿದ್ದೆವು. ಉಳಿದಂತೆ ವರ್ಷವಿಡೀ ಅದು ಬರೀ ಮರಳು. ಕಾರಹುಣ್ಣಿಮೆಯ ಹೊತ್ತಿಗೆ ಪಡುವಣ ಗಾಳಿ ಏಳುತ್ತಿತ್ತು, ಗಾಳಿಯ ಜೊತೆ ಮರಳೂ ಎದ್ದು ನಮ್ಮೂರಿನ ಕಡೆಗೆ ನಡೆಯುತ್ತಿತ್ತು. ಮುಂಜಾನೆ ಬಾಗಿಲು ತೆರೆದರೆ ಹೊಸ್ತಿಲ ಮೇಲೆ ಮೊಣಕಾಲೆತ್ತರ ಮರಳು ಕೂತಿರುತ್ತಿತ್ತು. ಅದಕ್ಕೇ ನಮ್ಮೂರಿನ ಬಾಗಿಲುಗಳೆಲ್ಲ ಒಳಕ್ಕೇ ತೆರೆಯುತ್ತಿದ್ದವು. ಮಾಳಿಗೆ ಭಾರವಾಗಿ ತೊಲೆ ಕಿರುಗುಟ್ಟಿದರೆ ಅಪ್ಪ ಸಲಿಕೆ ಹಿಡಿದು ಮೇಲೆ ಹತ್ತುತ್ತಿದ್ದ. ರೊಟ್ಟಿಯಲ್ಲಿ ಮರಳು, ಹಾಸಿಗೆಯಲ್ಲಿ ಮರಳು, ದೇವರ ಸಂಪುಟದಲ್ಲೂ ಮರಳು. ನಮ್ಮೂರವರು ಹಲ್ಲಿಗೆ ಹಲ್ಲು ತಾಗದಂತೆ ಮೆಲ್ಲಗೆ ಅಗಿಯುತ್ತಿದ್ದೆವು. ಬೇರೆ ಊರಿನ ಮದುವೆಗೆ ಹೋದರೆ ಊಟದ ಸಾಲಿನಲ್ಲೇ ಗುರುತು ಹಿಡಿದು ನಗುತ್ತಿದ್ದರು. ದೊಡ್ಡವರಿಗೆ ಇದೆಲ್ಲ ತಲೆನೋವು, ನಮಗೆ ಮಾತ್ರ ಹಬ್ಬ. ಮುರುಕು ಮೊರದ ಮೇಲೆ ಕೂತು ಊರಗೋಡೆಯಷ್ಟು ಎತ್ತರದ ದಿಬ್ಬದಿಂದ ಜಾರಿ, ಲಂಗದ ತುಂಬ ಮರಳು ಹೊತ್ತು ಮನೆಗೆ ಬಂದು ಬೈಸಿಕೊಳ್ಳುತ್ತಿದ್ದೆ.

ನಮ್ಮ ಅಜ್ಜ ಊರಿನ ಶಾನುಭೋಗ. ಅವನಿಗೆ ಒಂದು ಹಟ: ಕಣ್ಣಿಗೆ ಕಂಡದ್ದನ್ನೇ ಬರೆಯಬೇಕು, ಕಂಡದ್ದಕ್ಕಿಂತ ಒಂದಕ್ಷರ ಹೆಚ್ಚಾಗಬಾರದು. ಒಮ್ಮೆ ನಮ್ಮ ಎತ್ತು ಹಗ್ಗ ಕಿತ್ತುಕೊಂಡು ಹೋಗಿ ಹುಲಿಗೆವ್ವನ ತುಂಡು ಹೊಲ ಮೇಯ್ದು ಬಂತು. ಹುಲಿಗೆವ್ವ ಬಾಯಿ ತೆರೆಯುವ ಮುಂಚೆಯೇ ಅಜ್ಜ ದಫ್ತರ ಬಿಚ್ಚಿ ತಪ್ಪಿತಸ್ಥನೆಂದು ತನ್ನ ಹೆಸರನ್ನೇ ಬರೆದುಕೊಂಡ. ಅಜ್ಜಿ ಎರಡು ದಿನ ಮಾತು ಬಿಟ್ಟಳು. ಈ ಹುಲಿಗೆವ್ವ ಊರಾಚೆಯ ಕೇರಿಯವಳು, ಎತ್ತರದ ಆಳು, ದೊಡ್ಡ ದನಿ. ಅಜ್ಜಿಗೂ ಅವಳಿಗೂ ದಿನಾ ಹೊಳೆಯಲ್ಲಿ ಮಾತು ನಡೆಯುತ್ತಿತ್ತು, ಆದರೆ ಇಬ್ಬರ ನಡುವೆ ಯಾವಾಗಲೂ ಒಂದಷ್ಟು ಖಾಲಿ ಮರಳು ಇರುತ್ತಿತ್ತು. ಅವರ ಕೇರಿಯವರ ಒರತೆಗಳು ಹರಿವಿನ ಕೆಳಗೆ, ನಮ್ಮವು ಮೇಲೆ. ಆಗ ನನಗದು ಬೆಟ್ಟ ಪಡುವಲಿಗಿದ್ದಷ್ಟೇ ಸಹಜವಾಗಿ ಕಂಡಿತ್ತು. ಈಗ ಬರೆಯುವಾಗ ನಾಚಿಕೆಯಾಗುತ್ತದೆ.

ಒರತೆ ಎಂದರೇನೆಂದು ಹೇಳಬೇಕು. ನಮ್ಮೂರಿನ ಬಾವಿಗಳ ನೀರೆಲ್ಲ ಸವಳು, ಬೇಳೆ ಬೇಯುತ್ತಿರಲಿಲ್ಲ, ಬಾಯಿಗಿಟ್ಟರೆ ಮುಖ ಕಿವುಚುತ್ತಿತ್ತು. ಹೊಳೆಯ ಮರಳಿನಲ್ಲಿ ಮೊಣಕೈ ಮುಳುಗುವಷ್ಟು ತೋಡಿದರೆ ಮಾತ್ರ ತಳದಿಂದ ಕಣ್ಣೀರಿನ ಹಾಗೆ ತಿಳಿನೀರು ಜಿನುಗುತ್ತಿತ್ತು. ಆ ಗುಂಡಿಯೇ ಒರತೆ. ತೆಂಗಿನ ಚಿಪ್ಪಿನಲ್ಲಿ ತೋಡಿ ತೋಡಿ ಕೊಡ ತುಂಬಬೇಕು. ಅಂಥ ಸಿಹಿನೀರನ್ನು ನಾನು ಮತ್ತೆಲ್ಲೂ ಕುಡಿದಿಲ್ಲ. ಮನೆಗೊಂದೇ ಒರತೆ, ಒರತೆಗೊಂದು ಮನೆ, ಇದು ಊರಿನ ರೂಢಿ. ಹೊಸ ಸೊಸೆ ಮನೆ ತುಂಬಿದ ಮರುದಿನ ಅತ್ತೆ ಅವಳನ್ನು ಹೊಳೆಗೆ ಕರೆದೊಯ್ದು, ನಡುಬಂಡೆಯಿಂದ ಹೆಜ್ಜೆ ಎಣಿಸಿ ಜಾಗ ತೋರಿಸುತ್ತಿದ್ದಳು. ಮಳೆಗಾಲದ ನೀರು ಬಂದು ಎಲ್ಲ ಗುಂಡಿಗಳನ್ನೂ ಅಳಿಸಿಬಿಟ್ಟರೂ, ದೀಪಾವಳಿಯ ಹೊತ್ತಿಗೆ ಹೆಂಗಸರೆಲ್ಲ ಹೆಜ್ಜೆಯ ಲೆಕ್ಕದಲ್ಲೇ ತಮ್ಮ ತಮ್ಮ ಜಾಗ ಹಿಡಿಯುತ್ತಿದ್ದರು. ಮನೆಯ ಹೆಣ್ಣುಮಕ್ಕಳಿಗೆ ಮಾತ್ರ ಒರತೆ ಇರಲಿಲ್ಲ. ಹೋಗುವವರಿಗೆ ಯಾಕೆ ಬೇಕು ಎನ್ನುತ್ತಿದ್ದರು.

ನನಗೆ ಎಂಟು ವರ್ಷವಿದ್ದಾಗ ಕಚೇರಿಯಿಂದ ಅಜ್ಜನಿಗೆ ಒಂದು ಕಾಗದ ಬಂತು. ಊರಿನ ಪೂರ್ತಿ ಹಕೀಕತ್ತು ಬರೆದು ಕಳಿಸಬೇಕು: ನೆಲ ಎಂಥದು, ಗಾಳಿ ಯಾವ ದಿಕ್ಕಿನದು, ನೀರು ಎಲ್ಲಿಯದು, ಮನೆಗಳೆಷ್ಟು. ಊರು ದೊಡ್ಡದಾದರೆ ಹೊಳೆದಂಡೆಗೆ ಗಿಡ ನೆಡಿಸಿ ಮರಳನ್ನು ತಡೆಯುವುದು. ಸಣ್ಣದಾದರೆ ಊರನ್ನೇ ಎತ್ತಿ ದೂರದ ಎರೆದಿಬ್ಬದ ಮೇಲೆ ಕೂರಿಸುವುದು. ಊಟಕ್ಕೆ ಕೂತಾಗ ಅಜ್ಜ ಇದನ್ನು ಓದಿ ಹೇಳಿದ. ಗಂಡಸರಿಗೆ ಎರೆದಿಬ್ಬವಾದರೇನು, ಮರಳಿನ ಕಾಟವಾದರೂ ತಪ್ಪೀತು. ಅಜ್ಜಿ ಮಾತ್ರ ಬಡಿಸುವ ಸೌಟು ಹಿಡಿದು ಹಾಗೇ ನಿಂತಳು. ಎರೆದಿಬ್ಬದಲ್ಲಿ ಸವಳು ಬಾವಿ ಬಿಟ್ಟರೆ ಹನಿ ನೀರಿಲ್ಲ. ಅಲ್ಲಿಂದ ಹೊಳೆಗೆ ಬಂದು ಹೋಗಲು ಹೆಂಗಸರಿಗೆ ಅರ್ಧ ದಿನ ಬೇಕು. ನಮ್ಮೂರಿನ ಮನೆಗಳು ಎಷ್ಟೆಂದು ಎಲ್ಲರಿಗೂ ಗೊತ್ತಿತ್ತು. ಎಣಿಸಲು ಹೆಚ್ಚು ಹೊತ್ತೇನೂ ಬೇಕಿರಲಿಲ್ಲ. ಒಂದಷ್ಟು ಹೆಚ್ಚು ಬರೆದರೆ ಏನಾದೀತು ಎಂದು ಅಪ್ಪ ಮೆಲ್ಲಗೆ ಕೇಳಿದ.

"ಇದ್ದದ್ದು ಇದ್ದಂಗ ಬರೀತೀನಿ," ಅಂದ ಅಜ್ಜ. "ನಾಳೆ ಮುಂಜಾನಿ ಹೊಳಿಗೆ ಹೋಗಿ ಒರತಿ ಎಣಿಸಿಕೊಂಡು ಬರ್ತೀನಿ. ಎಷ್ಟು ಕಾಣ್ತಾವೋ ಅಷ್ಟು."

ಮನೆ ಮನೆಗೆ ಹೋಗಿ ಕೇಳುವಂತಿರಲಿಲ್ಲ. ತಲೆ ಎಣಿಸಿದರೆ ದೃಷ್ಟಿ ತಾಗುತ್ತದೆಂದು ತಾಯಂದಿರು ಹೆದರುತ್ತಿದ್ದರು; ಮಕ್ಕಳೆಷ್ಟು ಅಂದರೆ ದೇವರು ಕೊಟ್ಟಷ್ಟು ಅನ್ನುತ್ತಿದ್ದರು. ಅದಕ್ಕೆ ಅಜ್ಜ ಒರತೆ ಎಣಿಸುವ ಉಪಾಯ ಹೂಡಿದ್ದ. ಅಜ್ಜಿ ಸಂಜೆ ಒಮ್ಮೆ ಹೊಳೆಗೆ ಹೋಗಿ ಬಂದಳು ಅಷ್ಟೆ, ಅದೂ ಖಾಲಿ ಕೊಡ ಹೊತ್ತುಕೊಂಡು.

ಮರುದಿನ ಕೋಳಿ ಕೂಗುವಾಗ ನನ್ನನ್ನು ಎಬ್ಬಿಸಿ ಹೊಳೆಗೆ ಕರೆದೊಯ್ದಳು. ಅಲ್ಲಿ ಊರಿನ ಹೆಂಗಸರೆಲ್ಲ ಇದ್ದರು. ಸೆರಗು ಸಿಕ್ಕಿಸಿ, ಬಳೆ ಮೇಲೇರಿಸಿ, ಮಂಡಿಯೂರಿ ತೋಡುತ್ತಿದ್ದರು. ಪ್ರತಿಯೊಬ್ಬಳೂ ಮೊದಲು ತನ್ನ ಒರತೆ, ಆಮೇಲೆ ಕೊಟ್ಟ ಊರಿಗೆ ಹೋದ ಒಬ್ಬೊಬ್ಬ ಮಗಳ ಹೆಸರಿಗೆ ಒಂದೊಂದು. ಹೆಸರು ಹೇಳುತ್ತ ತೋಡುತ್ತಿದ್ದರು, ಹೆಸರಿನ ಹಿಂದೆಯೇ ಆ ಹುಡುಗಿಯ ಕಥೆ ಬರುತ್ತಿತ್ತು: ಹಾಲು ಕದ್ದು ಕುಡಿದವಳು, ಮದುವೆಯ ದಿನ ಮಾಳಿಗೆ ಹತ್ತಿ ಕೂತವಳು. ನಗು ದಂಡೆಯ ತನಕ ಕೇಳುತ್ತಿತ್ತು. ನಾನು ಹುಟ್ಟಿದ ಮೇಲೆ ಹೆಂಗಸರು ಅಷ್ಟು ನಕ್ಕಿದ್ದನ್ನು ಕಂಡಿರಲಿಲ್ಲ. ಅಜ್ಜಿ ಕುರುಗೋಡಿಗೆ ಕೊಟ್ಟ ನಮ್ಮ ಸೀತತ್ತೆಯ ಹೆಸರಿಗೆ ಒಂದು ತೋಡಿದಳು. ಹುಲಿಗೆವ್ವ ಕೆಳಗಿನಿಂದ ತನ್ನ ನಾಲ್ಕು ಹೆಣ್ಣುಮಕ್ಕಳ ಒರತೆ ತೋಡುತ್ತ ಬಂದಳು, ನಮ್ಮವರು ಮೇಲಿನಿಂದ ಹೋದರು, ಮಧ್ಯದ ಆ ಖಾಲಿ ಮರಳು ತುಂಬಿಹೋಗಿ ಎರಡು ಸಾಲೂ ಒಂದಾದವು. ಕೊನೆಗೆ ಅಜ್ಜಿ ನನ್ನ ಕೈಯಲ್ಲಿ ಚಿಪ್ಪು ಕೊಟ್ಟು, ನಡುಬಂಡೆಯಿಂದ ದಂಡೆಯ ಕಡೆಗೆ ಇಪ್ಪತ್ತು ಹೆಜ್ಜೆ ನಡೆಸಿ ಇದು ನಿನ್ನದು ಅಂದಳು. ನಾನು ಭುಜದ ತನಕ ತೋಡಿದೆ. ತಳದ ಮರಳು ಒದ್ದೆಯಾಯಿತೇ ಹೊರತು ನೀರು ಬರಲಿಲ್ಲ. ನನಗೆ ಅಳು ಬಂತು. ಅಷ್ಟರಲ್ಲಿ ಅಜ್ಜ ದಂಡೆ ಇಳಿದು ಬರುವುದು ಕಂಡಿತು. ಅಜ್ಜಿ ತನ್ನ ಕೊಡದಿಂದ ಅರ್ಧ ನೀರನ್ನು ನನ್ನ ಗುಂಡಿಗೆ ಸುರಿದಳು.

ಅಜ್ಜ ಬಂದು ನಿಂತ. ಒಂದು ತುದಿಯಿಂದ ಇನ್ನೊಂದು ತುದಿಗೆ ನೋಡಿದ. ಹೆಂಗಸರೆಲ್ಲ ಸೆರಗು ಸರಿಮಾಡಿಕೊಂಡರು. ಹುಲಿಗೆವ್ವ ಮಾತ್ರ ಎದ್ದು ನಿಂತಳು.

"ಸ್ವಾಮೇರ, ತೋಡಿದೋರು ಈ ಊರಿನೋರು. ಬಂದಿದ್ದು ಈ ಹೊಳಿ ನೀರು. ಇದ್ರಾಗ ಸುಳ್ಳು ಎಲ್ಲೈತಿ?"

ಅಜ್ಜ ಬೆರಳು ಮಡಚುತ್ತ ಒಂದೊಂದೇ ಒರತೆ ದಾಟಿದ. ಸೀತತ್ತೆಯದರ ಮುಂದೆ ನಿಂತು ಯಾರದೆಂದು ವಿಚಾರಿಸಿ, ತನ್ನ ಮಗಳ ಹೆಸರು ಕೇಳಿಸಿಕೊಂಡು, ಸ್ವಲ್ಪ ಹೊತ್ತು ನೀರನ್ನೇ ನೋಡಿ ಮುಂದೆ ಹೋದ. ಕೊನೆಯದಾಗಿ ನನ್ನ ಗುಂಡಿಯ ಹತ್ತಿರ ಬರುವ ಹೊತ್ತಿಗೆ ಅಜ್ಜಿ ಸುರಿದ ನೀರೆಲ್ಲ ಇಂಗಿಹೋಗಿತ್ತು.

"ಇದಕ್ಕ ನೀರೇ ಇಲ್ಲಲ್ಲ," ಅಂದ. "ಇವಳಿಗಿನ್ನೂ ಎಂಟು ವರ್ಷ."

"ಹೋಗ್ಲಿಕ್ಕಂತನೇ ಹುಟ್ಟಿದ ಹುಡುಗಿ," ಅಂದಳು ಅಜ್ಜಿ. "ಹೋಗೋ ಮುಂಚೆ ಒಮ್ಮೆರೆ ಈ ಊರಿನ ಲೆಕ್ಕಕ್ಕ ಬರ್ಲಿ ಬಿಡ್ರಿ."

ಅಜ್ಜ ಬೆರಳು ಮಡಚಿದನೋ ಇಲ್ಲವೋ ನನಗೆ ಕಾಣಲಿಲ್ಲ. ನನ್ನ ಕಣ್ಣು ತುಂಬಿತ್ತು. ಮನೆಗೆ ಬಂದು ಕಾಗದದ ಮುಂದೆ ಮಧ್ಯಾಹ್ನದ ತನಕ ಕೂತ. ಮನೆಗಳೆಷ್ಟು ಎಂದು ಕೇಳಿದ ಕಡೆ ತಾನು ಹೊಳೆಯಲ್ಲಿ ಕಣ್ಣಾರೆ ಕಂಡು ಎಣಿಸಿದ ಒರತೆಗಳು ಇಷ್ಟು ಎಂದು ಬರೆದ. ಅದರ ಕೆಳಗೆ, ಒರತೆಗೊಂದು ಮನೆ ಎಂಬುದು ಈ ಊರಿನ ರೂಢಿ ಎಂದು ಬರೆದ. ಎರಡೂ ನಿಜವೇ. ಅಪ್ಪ ಅದನ್ನು ಓದಿ ಹೇಳಿದಾಗ ಅಜ್ಜಿ ಒಳಮನೆಗೆ ಓಡಿದಳು. ನಗುತ್ತಿದ್ದಳೋ ಅಳುತ್ತಿದ್ದಳೋ, ಬೆನ್ನು ಮಾತ್ರ ಅಲುಗುತ್ತಿತ್ತು. ನನ್ನದನ್ನು ಸೇರಿಸಿದೆಯಾ ಎಂದು ಅಜ್ಜನನ್ನು ಕೇಳುವ ಧೈರ್ಯ ನನಗೆ ಬರಲಿಲ್ಲ.

ಚಳಿಗಾಲದಲ್ಲಿ ಕುದುರೆಯ ಮೇಲೆ ಒಬ್ಬ ಅಧಿಕಾರಿ ಬಂದ. ದಿಬ್ಬ ನೋಡಿದ, ಮಾಳಿಗೆಗಳ ಮೇಲಿನ ಮರಳು ನೋಡಿದ, ಒರತೆಯ ನೀರನ್ನು ಮೂರು ಚೊಂಬು ಕುಡಿದ. ಮುಂದಿನ ಮಳೆಗೆ ದಂಡೆಯುದ್ದಕ್ಕೂ ಹೊಂಗೆ, ಜಾಲಿ ನೆಟ್ಟರು. ಊರು ಉಳಿಯಿತು. ನಾವು ಜಾರುತ್ತಿದ್ದ ದಿಬ್ಬಕ್ಕೆ ಬೇಲಿ ಬಿತ್ತೆಂದು ಒಂದು ವಾರ ಮುಖ ಊದಿಸಿಕೊಂಡಿದ್ದೆ. ಆದರೆ ಅಂದು ತೋಡಿದ ಒರತೆಗಳನ್ನು ಯಾರೂ ಮುಚ್ಚಲಿಲ್ಲ. ಆಮೇಲೆ ಪ್ರತಿ ದೀಪಾವಳಿಗೂ ತಾಯಂದಿರು ಮಗಳ ಹೆಸರಿಗೂ ಒಂದು ತೋಡತೊಡಗಿದರು. ತವರಿಗೆ ಬಂದ ಹೆಣ್ಣುಮಕ್ಕಳು ತಮ್ಮದೇ ಒರತೆಯ ನೀರು ಕುಡಿದರು. ಅಜ್ಜಿಯೂ ಹುಲಿಗೆವ್ವನೂ ಪಕ್ಕಪಕ್ಕದಲ್ಲೇ ಕೊಡ ತುಂಬಿದರು. ನನ್ನ ಒರತೆ ಮಾತ್ರ ವರ್ಷ ವರ್ಷವೂ ಬರೀ ಒದ್ದೆ ಮರಳೇ. ಹನ್ನೊಂದಕ್ಕೆ ಮದುವೆಯಾಗಿ ಬಳ್ಳಾರಿಗೆ ಬಂದೆ.

ಅಜ್ಜ ಹೋದ, ಕೆಲವು ವರ್ಷದ ಮೇಲೆ ಅಜ್ಜಿಯೂ ಹೋದಳು. ತಮ್ಮನಿಗೆ ಇಲ್ಲಿ ಕೆಲಸ ಸಿಕ್ಕಿ ಅಪ್ಪ ಅಮ್ಮನೂ ಊರು ಬಿಡುವುದೆಂದು ಆಯಿತು. ಸಾಮಾನು ಕಟ್ಟಲು ಹೋದವಳಿಗೆ ಅಜ್ಜನ ಪೆಟ್ಟಿಗೆಯ ತಳದಲ್ಲಿ ಆ ಕಾಗದದ ಕರಡು ಸಿಕ್ಕಿತು. ನೆಲ, ಗಾಳಿ, ನೀರು ಎಲ್ಲ ಅವನ ದುಂಡನೆಯ ಅಕ್ಷರದಲ್ಲಿ. ಒರತೆಗಳ ಲೆಕ್ಕದ ಕೆಳಗೆ, ಅಪ್ಪ ಅಂದು ನಮಗೆ ಓದಿ ಹೇಳದೇ ಬಿಟ್ಟ ಒಂದು ಸಾಲು: "ಇವುಗಳಲ್ಲಿ ದಂಡೆಯ ಕಡೆಯ ಒಂದು ಒರತೆಗೆ ಇನ್ನೂ ನೀರು ಬಂದಿಲ್ಲ. ಬರುವುದು." ಕಂಡದ್ದಕ್ಕಿಂತ ಒಂದಕ್ಷರ ಹೆಚ್ಚು ಬರೆಯದವನು ನನಗಾಗಿ ಒಂದು ಮಾತು ಹೆಚ್ಚು ಬರೆದಿದ್ದ. ಅದನ್ನು ಹಿಡಿದು ಖಾಲಿ ಪಡಸಾಲೆಯಲ್ಲಿ ಎಷ್ಟು ಹೊತ್ತು ಕೂತಿದ್ದೆನೋ.

ಗಾಡಿ ಹೊರಡುವ ಮುಂಚೆ ಒಬ್ಬಳೇ ಹೊಳೆಗಿಳಿದೆ. ನಡುಬಂಡೆಗೆ ಬೆನ್ನು ಕೊಟ್ಟು, ಎಂಟು ವರ್ಷದವಳ ಪುಟ್ಟ ಹೆಜ್ಜೆಗಳನ್ನು ಇಪ್ಪತ್ತು ಹಾಕಿ, ಮಂಡಿಯೂರಿ ತೋಡಿದೆ. ಮೊಣಕೈ ಮುಳುಗಿತು, ಭುಜ ಮುಳುಗಿತು. ಹಸಿ ಮರಳಿನ ಆ ವಾಸನೆ ಮೇಲೆ ಬಂತು. ಕೈ ತೆಗೆಯದೆ ಕಾದೆ. ಹೊಂಗೆಯ ಎಲೆಗಳಲ್ಲಿ ಗಾಳಿ ಆಡುತ್ತಿತ್ತು, ದಂಡೆಯ ಮೇಲೆ ಅಪ್ಪ ನನ್ನ ಹೆಸರು ಹಿಡಿದು ಕೂಗುತ್ತಿದ್ದ. ಬೆರಳ ತುದಿಗೆ ಮೊದಲು ತಣ್ಣಗೆ ತಾಗಿತು, ಆಮೇಲೆ ಅಂಗೈ ತುಂಬಿತು. ಬೊಗಸೆಯಲ್ಲೆತ್ತಿ ಕುಡಿದೆ. ಅಜ್ಜನ ಲೆಕ್ಕ ಸರಿಯಾಗಿತ್ತು.