ಭಾನುವಾರದ ನಡಾವಳಿ ಪುಸ್ತಕ

ಮೂರು ಜನ ಕೂತು ಕಾದಂಬರಿ ಬಗ್ಗೆ ಮಾತಾಡುವುದಕ್ಕೂ ನಡಾವಳಿ ಬರೆಯಬೇಕೆ ಎಂದು ದೇವದುರ್ಗದ ಕಾಲೇಜಿನ ಉಪನ್ಯಾಸಕಿ ಮೊದಲ ದಿನವೇ ನಕ್ಕಿದ್ದರು. ನಾನು ಕೇಳಲಿಲ್ಲ. ಮಾನ್ವಿಯ ಹೈಸ್ಕೂಲಿನಲ್ಲಿ ಆಯುಷ್ಯವೆಲ್ಲ ಕನ್ನಡ ಕಲಿಸಿದವನು ನಾನು. ಸಭೆ ಎಂದಮೇಲೆ ಯಾರು ಬಂದರು, ಯಾರು ಏನೆಂದರು ಎಲ್ಲವೂ ಹೆಸರು ಸಮೇತ ದಾಖಲಾಗಬೇಕು. ನನ್ನ ಅಕ್ಷರ ದುಂಡಗಿದೆ ಎಂಬ ಜಂಬವೂ ಇತ್ತು, ಮುಚ್ಚಿಡುವುದೇಕೆ.

ತಿಂಗಳಿಗೊಂದು ಭಾನುವಾರ ಬೆಳಿಗ್ಗೆ ನಾವು ಸೇರುತ್ತಿದ್ದದ್ದು ರಾಯಚೂರಿನ ತೀನ್ ಕಂದೀಲ್ ವೃತ್ತದ ಹತ್ತಿರ, ಗಡಿಯಾರ ರಿಪೇರಿ ಮಾಡುವ ನನ್ನ ಗೆಳೆಯನ ಅಂಗಡಿಯ ಮೇಲಿನ ಕೋಣೆಯಲ್ಲಿ. ಮನೆಯಲ್ಲಿ ದಖನಿ ಉರ್ದು ಮಾತಾಡುವ ಆತ ಕನ್ನಡ ಕಾದಂಬರಿಗಳನ್ನು ನನಗಿಂತ ಹೆಚ್ಚು ಓದಿದ್ದ. ಬರಲಿರುವ ಕಾಲವನ್ನು ಕಲ್ಪಿಸಿ ಬರೆದ ಪುಸ್ತಕಗಳೆಂದರೆ ಅವನಿಗೆ ಜೀವ. ಚಹಾ ಅವನದು, ಜಗಳ ಎಲ್ಲರದು.

ಆ ಭಾನುವಾರ ಚರ್ಚೆಗೆ ಬಂದ ಕಾದಂಬರಿಯಲ್ಲಿ ಒಂದು ಊರು. ಅಲ್ಲಿ ಪೊಲೀಸರಿಲ್ಲ, ಜೈಲಿಲ್ಲ. ಪ್ರತಿ ಮನೆಯ ಬಾಗಿಲಿಗೂ ಒಂದು ಪುಸ್ತಕ ತೂಗುಹಾಕಿರುತ್ತಾರೆ. ನೆರೆಯವರು ಆಡಿದ ಮಾತನ್ನು ಅದರಲ್ಲಿ ಬರೆಯಬೇಕು, ಅಷ್ಟೇ. ಕ್ರಮೇಣ ಊರಿಗೆ ಊರೇ ಮಾತು ನಿಲ್ಲಿಸುತ್ತದೆ. ಪಾತ್ರಗಳಿಗೆ ಮುಖವೇ ಇಲ್ಲ, ಇದು ಕಥೆಯಲ್ಲ, ಭಾಷಣ ಎಂದು ನಾನು ತಕರಾರು ತೆಗೆದೆ. ಹೆದರಿದವರೆಲ್ಲ ಒಂದೇ ಥರ ಕಾಣುತ್ತಾರೆ, ಬರೆದವರು ಬೇಕೆಂದೇ ಹಾಗೆ ಮಾಡಿದ್ದಾರೆ ಎಂದು ಉಪನ್ಯಾಸಕಿ ವಾದಿಸಿದರು. ಗೆಳೆಯ ಚಹಾದ ಲೋಟ ಕೆಳಗಿಟ್ಟು ಹೇಳಿದ:

“ಇದು ಮುಂದಿನ ಕಾಲದ ಕಥಿ ಅಲ್ರಿ ಸರ. ನಮ್ಮ ಓಣ್ಯಾಗ ಈಗ್ಲೇ ನಡದದ. ನಾ ನಮ್ಮ ಮನಿಯಾಗೂ ಸಣ್ಣ ದನಿಲೇ ಮಾತಾಡಾಕತ್ತೀನಿ.”

ನಾನು ಒಂದಕ್ಷರ ಬಿಡದೆ ಬರೆದುಕೊಂಡೆ.

ಅಂದು ಹೊಸಬರೊಬ್ಬರು ಬಂದು ಮೂಲೆಯಲ್ಲಿ ಕೂತಿದ್ದರು. ಗಿಲ್ಲೆಸುಗೂರಿನವನು, ಸಾಹಿತ್ಯದ ಹುಚ್ಚು ಎಂದಿದ್ದರು. ಕೈಯಲ್ಲಿ ಆ ಕಾದಂಬರಿ ಮಾತ್ರ ಇರಲಿಲ್ಲ. ಹೊರಡುವಾಗ ನನ್ನ ಅಕ್ಷರವನ್ನು ಹೊಗಳಿ, ಇಂಥ ನಡಾವಳಿ ಎಲ್ಲೂ ನೋಡಿಲ್ಲ, ಒಂದು ವಾರದಲ್ಲಿ ಓದಿ ಕೊಡುತ್ತೇನೆ ಎಂದರು. ನಾನು ಉಬ್ಬಿಹೋದೆ. ಗೆಳೆಯ ಏನೋ ಹೇಳಲು ಬಾಯಿ ತೆರೆದವನು ಚಹಾದ ಲೋಟಗಳನ್ನು ಎತ್ತಿಡತೊಡಗಿದ. ಅದನ್ನು ನೋಡಿದೆ, ನೋಡಿಯೂ ಪುಸ್ತಕ ಕೊಟ್ಟೆ.

ಹೇಳಿದ ಹಾಗೆಯೇ ವಾರದೊಳಗೆ ಅದು ಅಂಚೆಯಲ್ಲಿ ಮಾನ್ವಿಯ ನನ್ನ ಮನೆಗೆ ಬಂತು. ಮನೆಯ ವಿಳಾಸವನ್ನು ನಾನು ಅವರಿಗೆ ಕೊಟ್ಟಿರಲಿಲ್ಲ. ಒಂದೇ ಒಂದು ಪುಟದ ಮೂಲೆ ಮಡಚಲಾಗಿತ್ತು. ತೆರೆದು ನೋಡಿದೆ, ಗೆಳೆಯನ ಮಾತಿದ್ದ ಪುಟ. ಕೂಡಲೇ ಫೋನ್ ಮಾಡಿ ಎಚ್ಚರಿಸಬೇಕಿತ್ತು. ನಾಚಿಕೆಯಿಂದ ಮಾಡಲಿಲ್ಲ, ಅದಕ್ಕಾಗಿ ಇವತ್ತಿಗೂ ನನ್ನನ್ನು ನಾನು ಕ್ಷಮಿಸಿಕೊಳ್ಳಲಾಗಿಲ್ಲ.

ಮರು ತಿಂಗಳು ಹೋದಾಗ ಕೋಣೆಯ ಕಿಟಕಿ ಮುಚ್ಚಿತ್ತು. ಗೆಳೆಯ ಚಹಾ ಸೋಸುತ್ತ ನಡೆದದ್ದನ್ನು ಹೇಳಿದ. ಇಬ್ಬರು ಅಂಗಡಿಗೆ ಬಂದರಂತೆ. ರಿಪೇರಿಗೆಂದು ಕೊಟ್ಟ ಗಡಿಯಾರ ಸರಿಯಾಗಿಯೇ ಓಡುತ್ತಿತ್ತಂತೆ. ಬೈಯಲಿಲ್ಲ, ಬೆದರಿಸಲಿಲ್ಲ, ಯಾವ ಓಣಿ, ಯಾರಿಗೆ ಹೆದರಿ ಸಣ್ಣ ದನಿ ಎಂದು ಮರ್ಯಾದೆಯಿಂದಲೇ ಕೇಳಿದರಂತೆ. ಅವನ ಮಾತನ್ನು ಅವನಿಗೇ ಬಾಯಿಪಾಠ ಒಪ್ಪಿಸಿದರಂತೆ.

ಉಪನ್ಯಾಸಕಿ ನನ್ನ ಕಡೆ ನೋಡಲಿಲ್ಲ. ತಪ್ಪಾಯಿತು, ಇನ್ನು ಬರೆಯುವುದಿಲ್ಲ ಎಂದೆ. ಗೆಳೆಯ ಬೈದುಬಿಟ್ಟಿದ್ದರೆ ಚೆನ್ನಾಗಿತ್ತು.

“ಈಗ ಬಿಟ್ರ ಯಾಕ ಬಿಟ್ರಿ ಅಂತ ಕೇಳ್ತಾರ. ಪುಸ್ತಕ ತಗೀರಿ ಸರ, ಇವತ್ತಿಂದು ಬರೀರಿ,” ಎಂದ. “ನನ್ನ ಹೆಸರಿನ ಮುಂದ ಗೈರುಹಾಜರು ಅಂತ ಹಾಕ್ರಿ.”

ಅವನ ಕೋಣೆ, ಅವನ ಚಹಾ. ಅವನ ಮೊಣಕಾಲು ನನ್ನ ಮೊಣಕಾಲಿಗೆ ತಾಕುತ್ತಿತ್ತು. ಅವನು ಗೈರುಹಾಜರೆಂದು ನಾನು ಬರೆದೆ. ಅಕ್ಷರ ಎಂದಿನಂತೆ ದುಂಡಗೇ ಬಂತು.