ಲಾಸ್ಟ್ ಬೆಂಚಿನಲ್ಲಿ ಮೇಷ್ಟ್ರುಗಳು

ಕರುಂ ಕುರುಂ. ಆ ವರ್ಷವನ್ನು ನೆನೆದರೆ ನನಗೆ ಮೊದಲು ಕೇಳಿಸುವುದು ಈ ಸದ್ದು. ಚಳ್ಳಕೆರೆಯ ನಮ್ಮ ಕಾಲೇಜಿನಲ್ಲಿ ಬೋರ್ಡಿನ ಕಡೆ ಮುಖ ಮಾಡಿ ಇಂಗ್ಲಿಷ್ ಪದ್ಯವೊಂದರ ಪ್ರಾಸಗಳನ್ನು ಬರೆಯುತ್ತಿದ್ದೆ. ಬೆನ್ನ ಹಿಂದೆ ಲಾಸ್ಟ್ ಬೆಂಚಿನಿಂದ ಯಾರೋ ಮಂಡಕ್ಕಿ ತಿನ್ನುವ ಸದ್ದು. ಕಾನ್ವೆಂಟಿನ ಸಿಸ್ಟರುಗಳ ಕೈಯಲ್ಲಿ ಬೆಳೆದವಳು ನಾನು, "ಹೂ ಈಸ್ ಈಟಿಂಗ್?" ಎಂದು ಗುಡುಗಿ ತಿರುಗಿದೆ. ತಿನ್ನುತ್ತಿದ್ದವರು ನಮ್ಮ ಹಿಸ್ಟರಿ ಪ್ರೊಫೆಸರ್ ತಿಪ್ಪೇಸ್ವಾಮಿ. ಅರವತ್ತು ಸಮೀಪಿಸಿದ, ಹಣೆತುಂಬ ವಿಭೂತಿಯ ಆ ದೊಡ್ಡ ಮನುಷ್ಯರು ಎದ್ದು ನಿಂತು, "ಸಾರಿ ಮೇಡಂ" ಎಂದರು. ಕ್ಲಾಸು ಬಿದ್ದು ಬಿದ್ದು ನಕ್ಕಿತು.

ಇದಕ್ಕೆಲ್ಲ ಕಾರಣ ಒಂದು ಗ್ರ್ಯಾಂಟು. ಪಾಠ ಮಾಡುವುದನ್ನು ಸುಧಾರಿಸಿಕೊಳ್ಳಲು ಗುಂಪು ಕಟ್ಟಿಕೊಳ್ಳುವ ಅಧ್ಯಾಪಕರಿಗೆ ಯೂನಿವರ್ಸಿಟಿ ಒಂದು ಪುಟ್ಟ ಅನುದಾನ ಕೊಡುತ್ತದೆಂದು ಸುತ್ತೋಲೆ ಬಂತು. ಪುಟ್ಟ ಎಂದರೆ, ಡಿಯರ್ ರೀಡರ್, ಎಷ್ಟು ಪುಟ್ಟ ಗೊತ್ತೆ? ಅದರಲ್ಲಿ ಪ್ರೊಜೆಕ್ಟರ್ ಕೊಳ್ಳಹೊರಟರೆ ಅದರ ಮುಚ್ಚಳ ಸಿಗಬಹುದಿತ್ತು. ಆದ್ದರಿಂದ ನಾವು ನಾಲ್ವರು ಏನನ್ನೂ ಕೊಳ್ಳದೆ ಮಾಡಬಹುದಾದ ಸುಧಾರಣೆಯೊಂದನ್ನು ಹುಡುಕಿದೆವು: ಒಬ್ಬರ ಕ್ಲಾಸಿನಲ್ಲಿ ಉಳಿದವರು ಹೋಗಿ ಕೂರುವುದು, ಆಮೇಲೆ ಮಂಡಕ್ಕಿ ಮೆಣಸಿನಕಾಯಿ ತಿನ್ನುತ್ತ ಚರ್ಚಿಸುವುದು. ಗ್ರ್ಯಾಂಟೆಲ್ಲ ಮಂಡಕ್ಕಿಗೆ. ತಿಪ್ಪೇಸ್ವಾಮಿಯವರಿಗೆ ಚರ್ಚೆಯವರೆಗೆ ಕಾಯುವ ತಾಳ್ಮೆ ಇರಲಿಲ್ಲ, ಅಷ್ಟೆ.

ನಮ್ಮ ಹಿಂದಿನವರು ಮರದ ಕೆಳಗೆ ಪಾಠ ಹೇಳುತ್ತಿದ್ದರಂತೆ. ಎಂಥ ಜಾಣರು! ಮರಕ್ಕೆ ಸುತ್ತ ನೆರಳಿರುತ್ತದೆ, ಲಾಸ್ಟ್ ಬೆಂಚು ಇರುವುದಿಲ್ಲ. ಆ ಬೆಂಚನ್ನು ಕಂಡುಹಿಡಿದವನು ಮನುಷ್ಯಸ್ವಭಾವವನ್ನು ಚೆನ್ನಾಗಿ ಬಲ್ಲವನೇ ಇರಬೇಕು. ಅಲ್ಲಿ ಕೂತ ಮರುಗಳಿಗೆಯೇ ಕೆಮಿಸ್ಟ್ರಿಯ ಶಕುಂತಲಾ ಡೆಸ್ಕಿನ ಮೇಲೆ ಹೂವಿನ ಚಿತ್ರ ಬಿಡಿಸತೊಡಗಿದಳು. ನಾನೂ, ಹೇಳಲು ನಾಚಿಕೆ, ಗಡಿಯಾರ ನೋಡಿದೆ. ಇನ್ನೊಂದು ತೊಂದರೆಯೆಂದರೆ ಯಾರಾದರೂ ಪ್ರಶ್ನೆ ಕೇಳಿದೊಡನೆ ಮೊದಲು ಕೈಯೆತ್ತುತ್ತಿದ್ದವರು ನಾವೇ. ಮೇಷ್ಟ್ರ ಮುಂದೆ ಪ್ರಶ್ನೆ ಬಿದ್ದರೆ ನಾಯಿಯ ಮುಂದೆ ಮೂಳೆ ಬಿದ್ದಂತೆ. ಇನ್ನು ಚರ್ಚೆ? ಹಿರಿಯರ ಪಾಠದಲ್ಲಿ ತಪ್ಪು ಹುಡುಕುವುದು ನಮ್ಮ ಸೀಮೆಯಲ್ಲಿ ಸಲ್ಲದು. "ಭಾಳ ಚೆನ್ನಾಗಿತ್ತು", "ಭಾಳ ಭಾಳ ಚೆನ್ನಾಗಿತ್ತು" ಎನ್ನುತ್ತ ಮಂಡಕ್ಕಿ ಮುಗಿಸುತ್ತಿದ್ದೆವು.

ನಾಲ್ಕನೆಯವಳು ಬೋರಮ್ಮ. ಫಿಸಿಕ್ಸ್‌ನ ಗೆಸ್ಟ್ ಲೆಕ್ಚರರ್. ರಾಂಪುರದ ಕಡೆಯ ಹುಡುಗಿ. ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ, ಕ್ಲಾಸಿನಲ್ಲಿ ಮಾತ್ರ ಗಡಗಡ ನಡುಗುವ ಇಂಗ್ಲಿಷು. ಅವಳ ಕ್ಲಾಸಿನಲ್ಲಿ ಯಾರೂ ಗಲಾಟೆ ಮಾಡುತ್ತಿರಲಿಲ್ಲ, ಯಾರೂ ಏನೂ ಕೇಳುತ್ತಿರಲಿಲ್ಲ. ಆ ಮೌನ ಅವಳನ್ನು ತಿನ್ನುತ್ತಿತ್ತು. ಒಂದು ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಮೆಲ್ಲಗೆ ಅಂದಳು: "ಈ ಸೆಮಿಸ್ಟರ್ ಆದ್ಮೇಲೆ ಬಿಡ್ತೀನಿ ಮೇಡಂ. ನಮ್ಮಣ್ಣಂದು ಗೊಬ್ಬರದ ಅಂಗಡಿ ಐತೆ, ಅಲ್ಲಿ ಕುಂತ್ಕಂತೀನಿ. ನಂಗೆ ಪಾಠ ಮಾಡಾಕ್ ಬರಲ್ಲ."

"ನಾನ್‌ಸೆನ್ಸ್" ಎಂದೆ.

ಮರುವಾರ ಅವಳ ಸರದಿ. ನಾವು ಮೂವರು ಲಾಸ್ಟ್ ಬೆಂಚು ಹಿಡಿದೆವು. ವಿಷಯ ಟಾರ್ಕ್. ಬೋರ್ಡಿನ ತುಂಬ ಸೂತ್ರಗಳು ಇರುವೆ ಸಾಲಿನಂತೆ ಹರಿದವು. ಕ್ಲಾಸು ಕಲ್ಲಾಗಿ ಕೂತಿತ್ತು. ಕೊನೆಗೆ ಅವಳು ಬೋರ್ಡಿಗೇ ಕೇಳುವಂತೆ "ಎನಿ ಡೌಟ್ಸ್?" ಎಂದಳು. ತಿಪ್ಪೇಸ್ವಾಮಿ ಕೈಯೆತ್ತಿದರು.

"ಅಲ್ಲಮ್ಮಾ, ತಪ್ಪು ತಿಳ್ಕಬ್ಯಾಡ. ನಂಗೆ ಒಂದಕ್ಷರ ತಿಳೀಲಿಲ್ಲ. ಈ ಟಾರ್ಕ್ ಅಂದ್ರೆ ಏನು?"

ಬೋರಮ್ಮನ ಮುಖ ಬಿಳಿಚಿತು. ಶಕುಂತಲಾ ತಿಪ್ಪೇಸ್ವಾಮಿಯವರ ತೊಡೆ ಚಿವುಟಿದಳು. ಆಗ ಮುಂದಿನ ಸಾಲಿನಿಂದ ಒಂದು ಹುಡುಗಿ, "ನಂಗೂ ತಿಳೀಲಿಲ್ಲ ಮೇಡಂ." ಇನ್ನೊಬ್ಬ, "ಹೋದ್ ವಾರದ್ದೂ ತಿಳಿದಿಲ್ಲ ಮೇಡಂ." ಮೇಷ್ಟ್ರಿಗೇ ತಿಳಿಯದ ಮೇಲೆ ನಮಗೇನು ನಾಚಿಕೆ ಎಂದು ಇಡೀ ಕ್ಲಾಸು ಕೈಯೆತ್ತಿತು. ಅಷ್ಟೊಂದು ಅಜ್ಞಾನವನ್ನು ಅಷ್ಟು ಸಂತೋಷದಿಂದ ಒಪ್ಪಿಕೊಂಡವರನ್ನು ನಾನು ಬೇರೆಲ್ಲೂ ನೋಡಿಲ್ಲ.

ಬೋರಮ್ಮ ಚಾಕ್‌ಪೀಸ್ ಬಿಸಾಕಿ ಹೋಗಿ ಕ್ಲಾಸಿನ ಬಾಗಿಲು ಅರ್ಧ ತೆರೆದಳು. "ಸಾರ್, ಬರ್ರಿ ಇಲ್ಲಿ. ಕೀಲಿನ ಹತ್ರ ಕೈ ಇಟ್ಟು ನೂಕ್ರಿ." ತಿಪ್ಪೇಸ್ವಾಮಿ ನೂಕಿದರು. ಬಾಗಿಲು ಮಿಸುಕಲಿಲ್ಲ. "ತೋಯಂಡಿ ಸಾರ್, ತೋಯಂಡಿ!" ಅವಸರದಲ್ಲಿ ‘ನೂಕಿ’ ಎನ್ನಲು ಮನೆಯ ತೆಲುಗೇ ಬಂದುಬಿಟ್ಟಿತ್ತು. ಅವರು ಬೆವರಿದರು. "ಈಗ ಈ ತುದೀಗೆ ಬಂದು ಒಂದೇ ಬೆರಳಲ್ಲಿ ನೂಕ್ರಿ." ಬಾಗಿಲು ಸಲೀಸಾಗಿ ತಿರುಗಿತು. "ಅದೇ ಸಾರ್ ಟಾರ್ಕು! ಎಷ್ಟು ಜೋರಾಗಿ ನೂಕ್ತೀರಿ ಅನ್ನೋದಷ್ಟೇ ಅಲ್ಲ, ಎಲ್ಲಿ ನಿಂತು ನೂಕ್ತೀರಿ ಅನ್ನೋದೂ ಲೆಕ್ಕ."

ಆಮೇಲೆ ಎಲ್ಲರೂ ಬಾಗಿಲು ನೂಕಬೇಕೆಂದರು. ನಾನೂ ನೂಕಿದೆ, ಸೀರೆ ಸಿಕ್ಕಿಸಿಕೊಂಡು. ನಾನು ನೂಕಿದಾಗಲೇ ಕೀಲು ಕಿತ್ತು ಬಾಗಿಲು ಕಾರಿಡಾರಿಗೆ ಬಿತ್ತು. ಅದರ ರಿಪೇರಿಗೆ ಗ್ರ್ಯಾಂಟಿನಲ್ಲಿ ಉಳಿದಿದ್ದದ್ದೂ ಮುಗಿಯಿತು. ಯೂನಿವರ್ಸಿಟಿಗೆ ಕಳಿಸಿದ ವರದಿಯಲ್ಲಿ ಟೀಚಿಂಗ್ ಏಡ್ಸ್ ಎಂಬಲ್ಲಿ ನಾನು ಬರೆದದ್ದು: ಬಾಗಿಲಿನ ಕೀಲು. ಅವರೂ ಒಪ್ಪಿಕೊಂಡರು, ಗಾಡ್ ಬ್ಲೆಸ್ ದೆಮ್.

ದೊಡ್ಡ ದೊಡ್ಡ ಯೋಜನೆಗಳು ಕೀಲಿನ ಹತ್ತಿರ ನಿಂತು ಬೆವರುವುದನ್ನು ಬೇಕಾದಷ್ಟು ನೋಡಿದ್ದೇನೆ. ನಮ್ಮ ಮಂಡಕ್ಕಿ ಗ್ರ್ಯಾಂಟಿಗೆ ತಾನು ನಿಲ್ಲಬೇಕಾದ ಜಾಗ ಹೇಗೋ ಸಿಕ್ಕಿತ್ತು. ಬೋರಮ್ಮ ಗೊಬ್ಬರದ ಅಂಗಡಿಯ ಸುದ್ದಿ ಮತ್ತೆ ಎತ್ತಲಿಲ್ಲ. ನಾನು ರಿಟೈರ್ ಆದೆ. ಗೆಸ್ಟ್ ಲೆಕ್ಚರರುಗಳಿಗೆ ಕಾಲೇಜು ಹಂಚುವ ಮುಂದಿನ ವರ್ಷದ ಕೌನ್ಸೆಲಿಂಗ್‌ನಲ್ಲಿ ಅವಳಿಗೆ ಮೊಳಕಾಲ್ಮೂರಿನ ಕಾಲೇಜು ಸಿಕ್ಕಿತು.

ಅವಳನ್ನು ಕೊನೆಯ ಸಲ ನೋಡಿದ್ದು ಚಳ್ಳಕೆರೆ ಬಸ್‌ಸ್ಟ್ಯಾಂಡಿನಲ್ಲಿ. ಮೊಳಕಾಲ್ಮೂರಿನ ಬಸ್ಸು ಹೊರಡುವುದರಲ್ಲಿತ್ತು. ಅವಳು ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ "ಮೇಡಂ! ಮೇಡಂ!" ಎಂದು ಕೂಗಿದಳು.

"ಅಲ್ಲಿ ಗುಂಪು ಗಿಂಪು ಇದೆಯೇನೆ?"

"ಇಲ್ರೀ. ಪ್ರಿನ್ಸಿಪಾಲರನ್ನೇ ಕರೆದೆ, ನನ್ ಕ್ಲಾಸಿಗೆ ಬಂದು ಹಿಂದೆ ಕುಂತ್ಕಳ್ರಿ ಅಂತ."

"ಗುಡ್ ಗಾಡ್! ಬಂದರಾ?"

"ಬಂದ್ರು. ಹತ್ತು ನಿಮಿಷಕ್ಕೆ ನಿದ್ದೆ ಹೋದ್ರು."

ಬಸ್ಸು ಚಲಿಸಿತು. ಮಂಡಿನೋವಿನ ಕಾಲನ್ನು ಎಳೆದುಕೊಂಡು ಅದರ ಜೊತೆ ನಾಲ್ಕು ಹೆಜ್ಜೆ ಓಡಿದೆ. "ಆಮೇಲೆ ಏನು ಮಾಡಿದೆ?"

ಗಾಳಿಗೆ ಹಾರುವ ಕೂದಲನ್ನು ಒಂದು ಕೈಯಲ್ಲಿ ಹಿಡಿದು ಬೋರಮ್ಮ ಇಡೀ ಬಸ್‌ಸ್ಟ್ಯಾಂಡಿಗೆ ಕೇಳುವಂತೆ ಕೂಗಿದಳು:

"ಎಬ್ಬಿಸ್ದೆ!"